ಸಾವಂತ್ರೆವ್ವನ ಹಿಮ್ಮಡಿ

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ನೆಲಕ್ಕಿಡುವಾಗ ಸಾವಂತ್ರೆವ್ವ ಯಾರಿಗಾದರೂ ಬೈಯಲೇಬೇಕು. ಗಂಡ ಬದುಕಿದ್ದಾಗ ಗಂಡನಿಗೆ ಬೈಯುತ್ತಿದ್ದಳು. ಅವನು ಹೋದಮೇಲೆ ಬೆಕ್ಕಿಗೆ, ಒಲೆಗೆ, ನೆಲಕ್ಕೆ ಹಾಸಿದ ಕಲ್ಲಿಗೆ. ಹಿಮ್ಮಡಿಯೊಳಗೆ ಯಾರೋ ದಬ್ಬಳ ಚುಚ್ಚಿ ತಿರುವಿದಂತಾಗುತ್ತಿತ್ತು. ಗೋಡೆ ಹಿಡಿದು, ಬೈಯುತ್ತ ಬೈಯುತ್ತ ಬಚ್ಚಲ ತನಕ ಹೋಗಿಬರುವಷ್ಟರಲ್ಲಿ ನೋವು ಸ್ವಲ್ಪ ಸಡಿಲಾಗುತ್ತಿತ್ತು. ಆಮೇಲೆ ತುಸು ಹೊತ್ತು ಕೂತು ಎದ್ದರೆ ಮತ್ತೆ ಅದೇ ಕಥೆ.

ಮೂಡಲಗಿಗೆ ಅವಳೇ ಸೂಲಗಿತ್ತಿ. ಹುಕ್ಕೇರಿಯಿಂದ ಸೊಸೆಯಾಗಿ ಬಂದಾಗ ಕಡ್ಡಿಯ ಹಾಗಿದ್ದಳು ಎಂದರೆ ಯಾರೂ ನಂಬುತ್ತಿರಲಿಲ್ಲ. ಅತ್ತೆಯ ಹಿಂದೆ ತಿರುಗಿ ಕೆಲಸ ಕಲಿತಳು. ಅತ್ತೆ ತೀರಿಕೊಂಡ ಮೇಲೆ ಊರಿನ ಹೆರಿಗೆಗಳೆಲ್ಲ ಇವಳ ಪಾಲಿಗೆ ಬಂದವು, ಅವುಗಳ ಜೊತೆಗೆ ಊಟವೂ ಬಂತು. ಬಾಣಂತಿಗೆ ಏನು ಬಡಿಸುತ್ತಾರೋ ಅದನ್ನೇ ಸೂಲಗಿತ್ತಿಗೂ ಬಡಿಸಬೇಕು ಎನ್ನುವುದು ಆ ಮನೆಗಳ ರೂಢಿ. ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿದ ಕರದಂಟು, ಅದರ ಮೇಲೆ ತುಪ್ಪ. ಅವಳು ತಾಟಿನಲ್ಲಿ ಒಂದು ಚೂರು ಬಿಟ್ಟರೂ ಬಾಣಂತಿಯ ಎದೆಹಾಲು ಬತ್ತೀತೆಂದು ಮುದುಕಿಯರು ಹೆದರುತ್ತಿದ್ದರು. ಬಾಣಂತಿ ತನ್ನ ಒಂದು ಬಾಣಂತನ ಉಂಡು ಮುಗಿಸುತ್ತಾಳೆ. ಸಾವಂತ್ರೆವ್ವ ಊರಿನ ಎಲ್ಲ ಬಾಣಂತನಗಳನ್ನೂ ಉಂಡಳು, ವರ್ಷಗಟ್ಟಲೆ ಉಂಡಳು. ಮೈ ಬೆಳೆಯದೆ ಏನು ಮಾಡೀತು?

ಉಂಡು ಒಂದೆಡೆ ಕೂತಿದ್ದರೆ ಒಂದು ಮಾತು. ಅದೂ ಇಲ್ಲ. ಅವಳನ್ನು ಕರೆಯಲು ಯಾರೂ ನಡೆದುಕೊಂಡು ಬಂದದ್ದೇ ಇಲ್ಲ, ಬಂದವರೆಲ್ಲ ಓಡಿಯೇ ಬರುತ್ತಿದ್ದರು. ಬಂದವನ ಹಿಂದೆ ಅವಳೂ ಓಡಬೇಕು, ಅಷ್ಟು ಮೈಯನ್ನು ಎರಡು ಬರಿಗಾಲ ಮೇಲೆ ಹೊತ್ತುಕೊಂಡು, ಕಲ್ಲು ಮುಳ್ಳು ನೋಡದೆ.

ಹಿಮ್ಮಡಿ ನೋವೆಂದರೆ ಜನ ಸುಮ್ಮನಿರುತ್ತಾರೆಯೇ? ಒಬ್ಬರು ಎಕ್ಕದ ಎಲೆ ಕಾಯಿಸಿ ಕಟ್ಟು ಎಂದರು, ಇನ್ನೊಬ್ಬರು ಕಾದ ಇಟ್ಟಿಗೆಯ ಮೇಲೆ ನಿಲ್ಲು ಎಂದರು. ಕೊನೆಗೆ ಎಲ್ಲರೂ ಬಂದು ನಿಲ್ಲುವ ಮಾತು ಒಂದೇ.

"ಎಲುಬಿಗೆ ಕಸುವು ಸಾಲವಲ್ದು ಸಾವಂತ್ರೆವ್ವ. ಇನ್ನೆರಡು ಕರದಂಟು ತಿನ್ನು."

ಹೇಳುವುದಷ್ಟೇ ಅಲ್ಲ, ತಂದೂ ಕೊಡುತ್ತಿದ್ದರು. ತಿಂದಳು, ಭಾರವಾದಳು, ಹಿಮ್ಮಡಿ ಇನ್ನಷ್ಟು ನೊಂದಿತು. ನೊಂದಿತೆಂದು ಮತ್ತೆ ತಂದರು. ಈ ಗಾಣ ಹೇಗೆ ಸುತ್ತುತ್ತಿದೆ ಎಂದು ಊರಲ್ಲಿ ಒಬ್ಬರಿಗಾದರೂ ಹೊಳೆಯಬಾರದೆ!

ಗೋಕಾಕದ ದವಾಖಾನೆಗೂ ಒಮ್ಮೆ ಹೋಗಿಬಂದಳು. ಧಾರವಾಡದ ಕಡೆಯ ಡಾಕ್ಟರು ಹೆಬ್ಬೆರಳಿನಿಂದ ಹಿಮ್ಮಡಿ ಒತ್ತಿದ ಕೂಡಲೇ ದವಾಖಾನೆ ಹಾರಿಹೋಗುವಂತೆ ಕಿರುಚಿದಳು.

"ಇಲ್ಲಿ ಚರ್ಮದ ಕೆಳಗ ಕೊಬ್ಬಿನ ಗಾದಿ ಇರತದವ್ವಾ. ಈ ಎಲುಬಿನಿಂದ ಬೆರಳಿನ ತನಕ ಒಂದು ಗಟ್ಟಿ ಪಟ್ಟಿ ಬಿಗದಿರತದ," ಎಂದು ಅವರು ಬೆರಳಾಡಿಸಿ ತೋರಿಸಿದರು. "ನಿಂತರ ನಿನ್ನ ಭಾರ ಅದರ ಮ್ಯಾಲ. ಓಡಿದರ ಒಂದೊಂದು ಹೆಜ್ಜಿಗೂ ಅದರ ಎರಡರಷ್ಟು, ಮೂರರಷ್ಟು ಭಾರ ಬೀಳತದ. ಗಾದಿ ಸವದದ, ಪಟ್ಟಿ ಜಗ್ಗಿ ಜಗ್ಗಿ ಹರೀಲಿಕ್ಕೆ ಹತ್ತೇದ. ಮಲಗಿದಾಗ ತುಸು ಬಿಗಿತದ, ಮುಂಜಾನೆ ಕಾಲಿಟ್ಟಿ ಅಂದ್ರ ಮತ್ತ ಹರೀತದ. ಮೈ ಇಳಸು. ಓಡಬ್ಯಾಡ."

"ಓಡಬ್ಯಾಡ ಅಂತೀರಿ. ಹೊಟ್ಟ್ಯಾಗಿನ ಕೂಸಿಗೆ ಯಾರ ಹೇಳತಾರ್ರಿ, ಸಾವಕಾಶ ಬಾ ಅಂತ?"

ಡಾಕ್ಟರು ನಕ್ಕರು. ಸಾವಂತ್ರೆವ್ವನಿಗೆ ನಗು ಬರಲಿಲ್ಲ.

ಅದೇ ವರ್ಷ ಮಗಳು ಇಂದ್ರವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವ್ವ ಪಕ್ಕದ ಹಳ್ಳಿಯಲ್ಲಿ ಬೇರೆ ಯಾರದೋ ಹೆರಿಗೆಗೆ ಹೋಗಿದ್ದಾಗಲೇ ಮಗಳಿಗೆ ನೋವು ಶುರುವಾಯಿತು. ಸುದ್ದಿ ಮುಟ್ಟಿದ್ದೇ ಸಾವಂತ್ರೆವ್ವ ಊರ ಕಡೆಗೆ ಓಡಿದಳು. ಹಳ್ಳದ ಬಳಿ ಹಿಮ್ಮಡಿಯೊಳಗೆ ಏನೋ ಚಟ್ಟೆಂದಿತು, ಕುಸಿದು ಕೂತಳು. ತೆವಳಿ ಕುಂಟಿ ಮನೆ ಮುಟ್ಟುವ ಹೊತ್ತಿಗೆ, ಹೊಕ್ಕಳಬಳ್ಳಿ ಕೊರಳಿಗೆ ಸುತ್ತಿಕೊಂಡ ಕೂಸು ಉಸಿರಿಲ್ಲದೆ ಹುಟ್ಟಿಯಾಗಿತ್ತು. ಊರ ಮಕ್ಕಳನ್ನೆಲ್ಲ ಬೆಚ್ಚಗೆ ಹಿಡಿದ ಕೈಗೆ ಸ್ವಂತ ಮೊಮ್ಮಗು ತಣ್ಣಗೆ ಸಿಕ್ಕಿತು. ಅಂದಿನಿಂದ ಅವಳು ತನ್ನ ಕಾಲನ್ನು ಕ್ಷಮಿಸಲೇ ಇಲ್ಲ.

ಎರಡನೆಯ ಸಲ ಬಸುರಾದ ಇಂದ್ರವ್ವನನ್ನು ತವರಿಗೆ ಕಳಿಸಲಿಲ್ಲ. ಆ ಮನೆ ಆಗಿಬರಲಿಲ್ಲ ಎಂದು ಅವಳ ಅತ್ತೆ ಅಲ್ಲವ್ವ ಖಡಾಖಂಡಿತ ಹೇಳಿಬಿಟ್ಟಳು. ಅವರು ಇದ್ದದ್ದು ಊರಾಚೆ, ತೋಟದ ಮನೆಯಲ್ಲಿ. ಅಮಾವಾಸ್ಯೆ ಕಳೆದ ಮೇಲೆ ಅಲ್ಲೇ ಹೋಗಿ ಇರಬೇಕು, ಈ ಸಲ ಮಗಳ ಪಕ್ಕದಿಂದ ಕದಲಬಾರದು ಎಂದು ಸಾವಂತ್ರೆವ್ವ ಬಟ್ಟೆಯ ಗಂಟು ಕಟ್ಟಿಟ್ಟಿದ್ದಳು. ಕೂಸಿಗೆ ಅಮಾವಾಸ್ಯೆಯ ಹಂಗೇನು? ಅದಕ್ಕೂ ಮೊದಲೇ ಒಂದು ಸೋಮವಾರ ಮಧ್ಯಾಹ್ನ ಅಳಿಯ ಕೇದಾರಿ ಬೆವರು ಸುರಿಸುತ್ತ ಬಾಗಿಲಿಗೆ ಬಂದು ನಿಂತ.

"ಅತ್ತಿ, ಲಗೂನ ಬರ್ರಿ. ಮುಂಜಾನಿಂದ ಬ್ಯಾನಿ ತಿನ್ನಾಕತ್ತಾಳ."

"ಗಾಡಿ ಎಲ್ಲೈತಿ?"

"ಇವತ್ತ ಸೋಮವಾರ ಅಲ್ಲೇನ್ರಿ!"

ಸೋಮವಾರ ಬಸವಣ್ಣನ ದಿನ. ಆ ಸೀಮೆಯಲ್ಲಿ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನಬಿಲಾಲನ ಟಾಂಗಾ ಒಂದಿತ್ತು, ಅದು ಬೆಳಿಗ್ಗೆಯೇ ಘಟಪ್ರಭಾ ಸ್ಟೇಷನ್ನಿಗೆ ಹೋಗಿತ್ತು. ಸಾವಂತ್ರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಓಣಿ ದಾಟಿ ಬಸವಣ್ಣನ ಗುಡಿಯ ತನಕ ಓಡಿದ್ದೇ ಬಂತು, ಹಿಮ್ಮಡಿ ಕೈಕೊಟ್ಟಿತು. ಗುಡಿಯ ಕಟ್ಟೆ ಹಿಡಿದು ನಿಂತಳು. ಮತ್ತೆ ತಡವಾದರೆ? ಮತ್ತೆ ತಣ್ಣಗಿನ ಕೂಸೇ ಕೈಗೆ ಬಂದರೆ?

ಅಷ್ಟರಲ್ಲಿ ಕೇದಾರಿಯ ಅಪ್ಪ ಉದ್ದಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು ಗುಡಿಯಿಂದ ಹೊರಗೆ ಬಂದ. ಒಣಕಲು ಮೈಯ ಮನುಷ್ಯ, ಸೋಮವಾರದ ಪೂಜೆ ಎಂದೂ ತಪ್ಪಿಸಿದವನಲ್ಲ. ನಸುಕಿನಲ್ಲೇ ತೋಟ ಬಿಟ್ಟು ಬಂದಿದ್ದವನು ಮಗ ಹೇಳಿದ್ದು ಕೇಳಿ ಗಾಬರಿಯಾದ. ಗುಡಿಯ ಬದಿಗೆ ಗುಡಿಯದೇ ಒಂದು ದಮಣಿ ನಿಂತಿತ್ತು, ಜನ ಕೂತು ಹೋಗುವ ಹಗುರ ಗಾಡಿ. ಅದರ ಎತ್ತುಗಳು ಮೈ ತೊಳೆಸಿಕೊಂಡು ಬೇವಿನ ನೆರಳಲ್ಲಿ ಮೆಲುಕು ಹಾಕುತ್ತಿದ್ದವು.

"ಹೂಡ್ರಿ," ಎಂದಳು ಸಾವಂತ್ರೆವ್ವ.

"ಸೋಮವಾರ ಬಸವಣ್ಣನ ಕೊಳ್ಳಿಗೆ ನೊಗ ಇಡಾಕ ಬರೂದಿಲ್ರಿ ಬೀಗರ. ನಮ್ಮ ಅಜ್ಜನ ಕಾಲದಿಂದ ಇಟ್ಟಿಲ್ಲ. ತುಸು ದಮ್ಮ ತಗೊಂಡು ನಡೀರಿ. ನಾ ಆವಾಗ ಹೇಳಿದ್ನಿಲ್ರಿ, ಕಸುವಿಗೆ ಕರದಂಟು ತಿನ್ನರಿ ಅಂತ..."

ಅಲ್ಲಿಗೆ ಅವಳ ತಾಳ್ಮೆ ಮುಗಿಯಿತು.

"ಬಾಯಿ ಮುಚ್ಚರಿ! ತಿನಸೂದೂ ನೀವ, ಓಡಸೂದೂ ನೀವ, ಕಾಲ ಅಷ್ಟ ನಂದು! ಬಸವಣ್ಣನ ಕೊಳ್ಳ ಬ್ಯಾಡ ಬಿಡ್ರಿ. ನಿಮಗ ಕೊಳ್ಳ ಇಲ್ಲೇನು? ಹೋದ ಸಲ ಕೂಸಿನ್ನ ಒಯ್ದು ಮಣ್ಣಾಗ ಇಟ್ಟು ಬಂದಾವ್ರು ನೀವ ಅಲ್ಲೇನು? ಹಿಡೀರಿ ನೊಗ!"

ಹೇಳಿದವಳೇ ದಮಣಿ ಹತ್ತಿ ಕೂತುಬಿಟ್ಟಳು. ಕಟ್ಟೆಯ ಮೇಲಿದ್ದವರು ಕಿಸಕ್ಕನೆ ನಕ್ಕರು. ಉದ್ದಪ್ಪ ನಗಲಿಲ್ಲ. ಆ ಸಣ್ಣ ಗುಂಡಿಗೆ ಮಣ್ಣು ಎಳೆದವನು ಅವನೇ. ಹೆಗಲ ಮೇಲಿನ ಶಲ್ಯ ತೆಗೆದು ಮಡಿಸಿ, ಅದನ್ನು ನೊಗದ ಕೆಳಗಿಟ್ಟುಕೊಂಡು ಒಂದು ಬದಿಗೆ ನಿಂತ. ಇನ್ನೊಂದು ಬದಿಗೆ ಕೇದಾರಿ ನಿಂತ.

ಊರು ದಾಟುವ ತನಕ ಗಾಡಿ ಸಲೀಸಾಗಿ ಉರುಳಿತು. ಆಮೇಲೆ ಎರೆಮಣ್ಣಿನ ದಾರಿ, ಒಣಗಿ ಕಲ್ಲಾದ ಕೊರಕಲು. ಉದ್ದಪ್ಪನ ಕೆರದ ಹೆಬ್ಬೆರಳ ಉಂಗುಷ್ಠ ಕಿತ್ತುಹೋಯಿತು, ಕೆರಗಳನ್ನು ದಾರಿಯಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿದ. ಅವನ ಉಸಿರು ಕುಲುಮೆಯ ತಿದಿ ಊದಿದಂತೆ ಕೇಳುತ್ತಿತ್ತು.

"ನಿಂತ್ರೇನು? ಎಳೀರಿ, ಎಳೀರಿ!" ಎಂದು ಸಾವಂತ್ರೆವ್ವ ಮೇಲಿಂದ ಕೂಗಿದಳು.

ಕೂಗಿದರೂ ಅವಳಿಗೆ ನಾಚಿಕೆಯಾಗುತ್ತಿತ್ತು. ಏರು ಬಂದಾಗ ಅವರಿಗೆ ಹಗುರಾಗಲೆಂದು ಇಳಿದಳು, ಒಂದು ಹೆಜ್ಜೆ ಇಟ್ಟಳು, ಕಣ್ಣಿಗೆ ಕತ್ತಲೆ ಬಂತು. ತನ್ನ ಮೈಗೆ ತಾನೇ ಶಾಪ ಹಾಕುತ್ತ ಮತ್ತೆ ಹತ್ತಿದಳು. ಈ ಮೈಯನ್ನು ಕಳಚಿ ದಾರಿಯಲ್ಲಿ ಒಗೆಯಲು ಬಂದಿದ್ದರೆ ಒಗೆದೇಬಿಡುತ್ತಿದ್ದಳು.

ತೋಟದ ಮನೆಯ ಬಾಗಿಲಲ್ಲಿ ಅಲ್ಲವ್ವ ಎದೆ ಎದೆ ಬಡಿದುಕೊಳ್ಳುತ್ತಿದ್ದಳು. ಸಾವಂತ್ರೆವ್ವ ಅವಳನ್ನು ಬದಿಗೆ ಸರಿಸಿ, ಗೋಡೆ ಹಿಡಿದು ಒಳಗೆ ಹೋಗಿ ಮಗಳ ಕಾಲ ಬಳಿ ಕೂತಳು. ಕೂಸಿನ ತಲೆ ಹೊರಬಿತ್ತು. ಬೆರಳು ತೂರಿಸಿ ಕೊರಳು ಮುಟ್ಟಿದಳು. ಅಲ್ಲಿತ್ತು ಹೊಕ್ಕಳಬಳ್ಳಿ, ಈ ಸಲವೂ.

"ಮುಕ್ಕಬ್ಯಾಡ ಇಂದ್ರಾ, ಜೋರ ಹಾಕಬ್ಯಾಡ. ನಾ ಹೇಳೂ ತನ ಮುಕ್ಕಬ್ಯಾಡ."

ಬಳ್ಳಿಯನ್ನು ಮೆಲ್ಲಗೆ ಸಡಿಲಿಸಿ ತಲೆಯ ಮೇಲಿಂದ ತೆಗೆದಳು. ಕೂಸು ಹೊರಗೆ ಬಂತು. ಗಂಡು. ಮೈ ನೀಲಿಗಟ್ಟಿತ್ತು, ಸದ್ದಿಲ್ಲ. ಇಂದ್ರವ್ವ ಅವ್ವನ ಮುಖವನ್ನೇ ನೋಡುತ್ತಿದ್ದಳು. ಸಾವಂತ್ರೆವ್ವ ಕೂಸಿನ ಬಾಯಿ ಒರೆಸಿ, ಪಾದ ಹಿಡಿದು, ಇನ್ನೂ ನೆಲ ಮುಟ್ಟದ ಆ ಅಂಗಾಲಿಗೆ ಬೆರಳಿನಿಂದ ಟಪ್ಪನೆ ಹೊಡೆದಳು. ಇನ್ನೊಮ್ಮೆ ಹೊಡೆದಳು.

"ಅಳೋ! ಎಷ್ಟ ಕಾಡತಿ, ಅಳೋ!"

ಕೂಸು ಸಿಟ್ಟಿಗೆದ್ದಂತೆ ಕಿರುಚಿತು. ಇಂದ್ರವ್ವನೂ ಅತ್ತಳು, ಬಾಗಿಲಾಚೆ ಅಲ್ಲವ್ವನೂ ಅತ್ತಳು. ಸಾವಂತ್ರೆವ್ವ ಮಾತ್ರ ನೀರು ತರಲು ತಡಮಾಡಿದ್ದಕ್ಕೆ ಎಲ್ಲರಿಗೂ ಬೈದಳು.

ಎಲ್ಲ ಮುಗಿಸಿ ಕುಂಟುತ್ತ ಹೊರಗೆ ಬಂದಾಗ ಉದ್ದಪ್ಪ ಕಟ್ಟೆಯ ಮೇಲೆ ಕೂತು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡಿದ್ದ. ಹಿಮ್ಮಡಿ ಒಡೆದು ರಕ್ತ ಬಂದಿತ್ತು. ಅವಳನ್ನು ನೋಡಿ ಏಳಲು ಹೋದ, ಆಗದೆ ಹಾಗೇ ಕೂತ. ಅವಳ ಪಾದಗಳನ್ನು ನೋಡಿದ.

"ಬೀಗರ, ಒಂದ ಹಾದಿಗೆ ನನ್ನ ಕಾಲ ಊರಾಕ ಬರವಲ್ವು," ಎಂದ. "ಈ ಭಾರ ಹೊತಗೊಂಡು ಇಷ್ಟ ವರ್ಷ ನೀವು ಓಡ್ಯಾಡಿದ್ರೇನ್ರಿ?"

ಇದುವರೆಗೆ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಸಾವಂತ್ರೆವ್ವ ಬೈಯಲು ಬಾಯಿ ತೆರೆದಳು. ಬೈಗುಳ ಬರಲಿಲ್ಲ.

"ಹೋದ ಸಲಾನೂ ನಾ ಓಡಿಕೋತನ ಬಂದಿದ್ನಿರಿ," ಎಂದಳು. ಅವನ ಪಕ್ಕದಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು.