ವಾಪಸ್ ಕೇಳಿದ ಕೊಬ್ಬರಿ

ಅತ್ತೆ ಅಟ್ಟದ ಆ ಮಾತನ್ನು ಫೋನಿನಲ್ಲೇ ಹೇಳಿದರೋ, ಆಮೇಲೆ ಊರಿಗೆ ಹೋದಾಗ ಹೇಳಿದರೋ, ನನಗೆ ಈಗ ಖಚಿತವಿಲ್ಲ. ಈ ಕತೆಯನ್ನು ಹತ್ತಾರು ಸಲ ಹೇಳುವಾಗ ನಾನೇ ಅದನ್ನು ಫೋನಿಗೆ ಸೇರಿಸಿರಬಹುದು.

ಆಗ ನಾನು ತೆಂಗಿನಕಾಯಿಯ ತಿರುಳಿನ ಜೀವಕೋಶಗಳಲ್ಲಿ ಎಣ್ಣೆ ಎಲ್ಲೆಲ್ಲಿ ಕೂತಿರುತ್ತದೆ ಎಂದು ಹುಡುಕುತ್ತಿದ್ದೆ. ಅದಕ್ಕೆ ಸಿಂಕ್ರೋಟ್ರಾನ್ ಎಂಬ ದೊಡ್ಡ ಯಂತ್ರ ಬೇಕಿತ್ತು. ಅದರೊಳಗೆ ಎಲೆಕ್ಟ್ರಾನ್‌ಗಳು ಗಾಣದೆತ್ತಿನಂತೆ ಸುತ್ತುತ್ತವೆ, ತಿರುವುಗಳಲ್ಲಿ ಬೆಳಕು ಚೆಲ್ಲುತ್ತವೆ. ಆ ಬೆಳಕಿನ ಇನ್‌ಫ್ರಾರೆಡ್ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ಹಾಯಿಸಿದರೆ, ಬಣ್ಣ ಹಚ್ಚದೆಯೇ ಒಂದೊಂದು ಕೋಶದ ಎಣ್ಣೆ, ಪ್ರೋಟೀನ್ ತಿಳಿಯುತ್ತದೆ. ಉತ್ತರದ ಒಂದು ಊರಿನಲ್ಲಿದ್ದ ಆ ಯಂತ್ರದಲ್ಲಿ ನನಗೆ ಸಿಕ್ಕಿದ್ದು ಮೂರು ದಿನ. ಬರಿಗೈಲಿ ಬಂದರೆ ಪಿಎಚ್‌ಡಿ ವಿಷಯವನ್ನೇ ಬದಲಿಸಬೇಕು ಎಂದು ಮಾರ್ಗದರ್ಶಕರು ಹೇಳಿ ಕಳಿಸಿದ್ದರು. ನೊಣವಿನಕೆರೆಯ ಅತ್ತೆ ಬರಿಗೈಲಿ ಹೋಗಬೇಡ ಎಂದು ಒಂದು ಉಂಡೆ ಕೊಬ್ಬರಿ ಕೊಟ್ಟಿದ್ದರು. ಅದನ್ನು ಮೊದಲ ದಿನವೇ ಅಲ್ಲಿನ ಉಸ್ತುವಾರಿ ವಿಜ್ಞಾನಿಯ ಕೈಗಿತ್ತೆ.

ಎರಡು ದಿನ ವ್ಯರ್ಥವಾಯಿತು. ನಾನು ಒಯ್ದಿದ್ದು ಹಸಿಕಾಯಿಯ ತೆಳು ಹೋಳುಗಳು. ಅವನ್ನು ಸರಿಯಾಗಿ ಒಣಗಿಸಿರಲಿಲ್ಲ. ನೀರು ಇನ್‌ಫ್ರಾರೆಡ್ ಬೆಳಕನ್ನು ನುಂಗಿಬಿಡುತ್ತದೆ, ಪರದೆಯ ಮೇಲೆ ಕಂಡದ್ದೆಲ್ಲ ಬರೀ ನೀರು. ಊರಿಗೆ ಫೋನ್ ಮಾಡಿದಾಗ ಅತ್ತೆ ಎತ್ತಿಕೊಂಡರು, ನೀರಿನ ಪಾಡು ಹೇಳಿಕೊಂಡೆ.

"ನೀರು ಇಂಗಿಲ್ದಿದ್ರೆ ಅಟ್ಟದಿಂದ ಯಾಕಪ್ಪ ಇಳ್ಸಿದೆ?"

"ಇದು ಅಟ್ಟದ್ದಲ್ಲ ಅತ್ತೆ. ಹಸಿಕಾಯಿ ಹೋಳು, ಕೂದಲಿಗಿಂತ ತೆಳು."

"ತೆಳುವಾದ್ರೇನು, ನೀರು ನೀರೇ ಕಣಪ್ಪ. ಕಿವಿ ಹತ್ರ ಹಿಡ್ಕಂಡು ಅಲ್ಲಾಡ್ಸಿ ನೋಡ್ದಾ?"

ನಾನು ಹೋಳು ಕೂರಿಸಿದ ಪಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ ಎಂದು ಜೊತೆಗೆ ಬಂದಿದ್ದ ದಂಡಿನಶಿವರದ ಗೆಳೆಯ ಇವತ್ತಿಗೂ ಹೇಳುತ್ತಾನೆ. ನಾನು ಒಪ್ಪುವುದಿಲ್ಲ.

ನಮ್ಮ ಕಡೆ ಕಾಯಿ ವರ್ಷದ ಹತ್ತಿರ ಅಟ್ಟದ ಮೇಲಿದ್ದು, ಒಳಗಿನ ನೀರೆಲ್ಲ ಇಂಗಿದ ಮೇಲೆ ಕೊಬ್ಬರಿಯಾಗುತ್ತದೆ; ಅಲ್ಲಾಡಿಸಿದರೆ ನೀರಿನ ಸದ್ದು ಕೇಳಬಾರದು. ನನಗೆ ಉಳಿದಿದ್ದು ಒಂದೇ ದಿನ.

"ಲೇ, ಒಣಗಿರೋದು ಒಂದೈತಲ್ಲ. ಹೋಗಿ ವಾಪಸ್ ಕೇಳ್ಲಾ" ಎಂದ ಗೆಳೆಯ.

"ಕೊಟ್ಟಿದ್ದನ್ನ ಕೇಳೋದಾ? ಊರಲ್ಲಿ ಗೊತ್ತಾದ್ರೆ ಮಾನ ಉಳಿಯಲ್ಲ ಕಣ್ಲಾ."

"ಊರು ಇಲ್ಲಿಂದ ಎರಡು ದಿನದ ದಾರಿ ಬುಡು. ಪಿಎಚ್‌ಡಿ ಹೋದ್ರೆ ಮಾತ್ರ ನಾಳೆನೇ ಗೊತ್ತಾಯ್ತದೆ."

ಕೇಳಿದೆ. ಉಸ್ತುವಾರಿಯವರು ಮನೆಗೆ ಫೋನ್ ಮಾಡಿದರು. ಅವರ ಹೆಂಡತಿ ಅರ್ಧ ತುರಿದಾಗಿತ್ತು. ಉಳಿದರ್ಧವನ್ನು ಆಕೆಯೇ ಸ್ಟೀಲ್ ಡಬ್ಬಿಯಲ್ಲಿ ತಂದುಕೊಟ್ಟು, ನನ್ನನ್ನು ಮರುಕದಿಂದ ನೋಡಿದರು. ಅದರಲ್ಲಿ ಕತ್ತರಿಸಿದ ಹೋಳು ಬೆಳಕಿಗೆ ಬಿದ್ದಾಗ ಪರದೆಯ ಮೇಲೆ ಎಣ್ಣೆಯ ಗೆರೆ ತೆಂಗಿನ ಮರದ ಹಾಗೆ ನೆಟ್ಟಗೆ ಎದ್ದಿತು. ಸಂಜೆಯೊಳಗೆ ನೂರಾರು ಕೋಶಗಳನ್ನು ಅಳೆದೆವು. ನನ್ನ ವಿಷಯ ಉಳಿಯಿತು.

ತುರಿದ ಅರ್ಧ ತುಪ್ಪದ ಬರ್ಫಿಯಾಗಿ ಅದೇ ಡಬ್ಬಿಯಲ್ಲಿ ಬಂದಿತ್ತು, ಅಳತೆಯ ನಡುವೆ ಇಬ್ಬರೂ ತಿಂದೆವು ಎನ್ನುತ್ತಾನೆ ಗೆಳೆಯ. ಮಾದರಿಯ ಪಕ್ಕ ಕೂತು ಮಾದರಿಯನ್ನೇ ತಿನ್ನುವಷ್ಟು ಕೆಟ್ಟ ವಿಜ್ಞಾನಿ ನಾನಲ್ಲ ಎಂದು ವರ್ಷಗಟ್ಟಲೆ ವಾದಿಸಿದೆ.

ಹೋದ ತಿಂಗಳು ಆ ದಿನದ ನೋಟ್‌ಬುಕ್ ತೆರೆದಾಗ ಪುಟದ ಮೂಲೆಯಲ್ಲಿ ಒಂದು ಜಿಡ್ಡಿನ ಕಲೆ, ಅದರಲ್ಲಿ ನನ್ನ ಹೆಬ್ಬೆರಳಿನ ಗುರುತು. ನಮ್ಮ ವಿಭಾಗದ ಸಣ್ಣ ಇನ್‌ಫ್ರಾರೆಡ್ ಯಂತ್ರದಲ್ಲಿ ಆ ಮೂಲೆಯನ್ನಿಟ್ಟು ನೋಡಿದೆ. ಕೊಬ್ಬರಿ ಎಣ್ಣೆ ಇತ್ತು, ಇರಲೇಬೇಕು. ಜೊತೆಗೆ ಇನ್ನೇನೋ ಇತ್ತು. ಅನುಮಾನ ಬಂದದ್ದನ್ನು ಕ್ಯಾಂಟೀನಿನಿಂದ ಒಂದು ಚಮಚ ತಂದು, ಹೋಲಿಸಿ ಎರಡು ಸಲ ಪರೀಕ್ಷಿಸಿದೆ. ಅದು ತುಪ್ಪ.