ಹನಿ ನುಂಗದ ತಕ್ಕಡಿ

ನನ್ನ ಸೋದರತ್ತೆ ಮೂವತ್ತೊಂದು ವರ್ಷ ಆಸ್ಪತ್ರೆಯೊಂದರ ಔಷಧ ಬೆರೆಸುವ ಕೋಣೆಯಲ್ಲಿ ಕೆಲಸ ಮಾಡಿದಳು. ದೊಡ್ಡವರ ಮಾತ್ರೆಯನ್ನು ಅರೆದು, ಹಸುಗೂಸುಗಳಿಗೆ ಎಷ್ಟು ಬೇಕೋ ಅಷ್ಟೇ ಪುಡಿಯನ್ನು ತೂಗಿ ಪೊಟ್ಟಣ ಕಟ್ಟುವುದು ಅವಳ ಮುಖ್ಯ ಕೆಲಸ. ಸಾಸಿವೆ ಕಾಳಿನಷ್ಟು ಹೆಚ್ಚುಕಡಿಮೆಯಾದರೂ ಎಲ್ಲ ಚೆಲ್ಲಿ ಮತ್ತೆ ಮೊದಲಿಂದ. ಅಂಥವಳು ಮನೆಗೆ ಬಂದರೆ ಏನನ್ನೂ ಅಳೆಯುತ್ತಿರಲಿಲ್ಲ. ಉಪ್ಪು, ಹಿಟ್ಟು, ಕಾಫಿಪುಡಿ ಎಲ್ಲ ಕೈಅಂದಾಜು. ಕೇಳಿದರೆ, "ದಿನವೆಲ್ಲ ತೂಗಿ ತೂಗಿ ಸಾಕಾಗಿರತ್ತೆ ಕಣೇ. ಮನೇಲಾದ್ರೂ ನನ್ನ ಕೈನ ಅದರ ಪಾಡಿಗೆ ಬಿಡು" ಅನ್ನುತ್ತಿದ್ದಳು.

ಆ ಕೈಗೆ ದಾರಿ ತೋರಿಸುತ್ತಿದ್ದದ್ದು ಅವಳ ಮೂಗು. ಕಾಫಿಬೀಜದ ಚೀಲ ಬಿಚ್ಚಿದರೆ ಹುರಿದು ಎಷ್ಟು ದಿನವಾಯಿತೆಂದು ಹೇಳುತ್ತಿದ್ದಳು. ಒಂದು ದಿನ ಆಚೀಚೆ ಆಗಬಹುದಿತ್ತು, ಅಷ್ಟೇ. ನಿವೃತ್ತಿಯಾದ ತಿಂಗಳೇ ಎಸ್ಪ್ರೆಸೊ ಯಂತ್ರವೊಂದನ್ನು ತಂದು ಅಡುಗೆಮನೆಯ ಕಿಟಕಿಯ ಕೆಳಗೆ ಕೂರಿಸಿದಳು. ಪುಡಿಯನ್ನು ಹಿಡಿಕೆಯ ಬಟ್ಟಲಿಗೆ ತುಂಬಿ, ಒತ್ತಿ, ಗುಂಡಿ ಅದುಮಿ, ಇಳಿಯುವ ಕಾಫಿಯ ವಾಸನೆ ಬದಲಾದ ಕ್ಷಣ ನಿಲ್ಲಿಸುತ್ತಿದ್ದಳು. ಎರಡು ಗುಟುಕಿನ ಆ ಕಾಫಿ ಕುಡಿಯಲು ನಾನು ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ.

ಹೋದ ವರ್ಷ ಅವಳಿಗೆ ಜ್ವರ ಬಂತು. ಹತ್ತು ದಿನ ಮಲಗಿ ಎದ್ದಳು. ಜ್ವರ ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಒಲೆಯ ಮೇಲೆ ಹಾಲು ಸೀದು ಮನೆ ತುಂಬ ಹೊಗೆಯಾದರೂ ಅತ್ತೆಗೆ ಗೊತ್ತಾಗಲಿಲ್ಲ. ನಾಲಿಗೆಗೆ ಉಪ್ಪು, ಸಿಹಿ ಅಷ್ಟಿಷ್ಟು ತಿಳಿಯುತ್ತಿತ್ತು, ಉಳಿದದ್ದೆಲ್ಲ ಬಿಸಿನೀರು. "ವಾಪಸ್ ಬಂದರೂ ಬರಬಹುದು, ಬರದೇನೂ ಇರಬಹುದು" ಎಂದರು ಡಾಕ್ಟರು. ಅತ್ತೆ ಯಾರ ಮುಂದೆಯೂ ಕಣ್ಣೀರು ಹಾಕಲಿಲ್ಲ. ಮಾರನೇ ದಿನದಿಂದ ಮೊದಲಿನಂತೆಯೇ ಕಾಫಿ ಮಾಡತೊಡಗಿದಳು.

ಮೂರು ವಾರ ಕಳೆದು ನಾನು ಹೋದೆ. ಮಾವ ಮುಂದಿನ ಕೋಣೆಯಲ್ಲಿ ಮೇಜಿನ ಮೇಲೆ ಬಟ್ಟೆ ಹರಡಿಕೊಂಡು ಕೋಟಿನ ತೋಳು ಕತ್ತರಿಸುತ್ತಿದ್ದರು. ಅವರು ದರ್ಜಿ, ಮಾತು ಕಡಿಮೆ, ಬಾಯಲ್ಲಿ ಯಾವಾಗಲೂ ಒಂದೆರಡು ಗುಂಡುಸೂಜಿ. ಅತ್ತೆ ಕೊಟ್ಟ ಲೋಟವನ್ನು ನಾನು ತುಟಿಗಿಟ್ಟೆ. ಸುಟ್ಟ ರಬ್ಬರಿನ ಕಹಿ. ಬೇಡವೆಂದರೂ ನನ್ನ ಮುಖ ಕಿವುಚಿಕೊಂಡಿತು.

ಅತ್ತೆ ನೋಡಿಬಿಟ್ಟಳು. ನನ್ನನ್ನೇನೂ ಕೇಳದೆ ಸೀದಾ ಮಾವನ ಹತ್ತಿರ ಹೋದಳು.

"ಕಾಫಿ ಹೇಗಿದೆ?"

"ಚೆನ್ನಾಗಿದೆ."

"ಸೂಜಿ ತೆಗೆದು ಹೇಳಿ."

ಮಾವ ಸೂಜಿ ತೆಗೆದು ಮೆತ್ತೆಗೆ ಚುಚ್ಚಿದರು. "ಒಂದೊಂದು ದಿನ ಒಂದೊಂದು ಥರ ಇರತ್ತೆ."

"ಯಾವತ್ತಿಂದ?"

"ನೀನು ಹುಷಾರಾದಾಗಿಂದ."

"ಮೂರು ವಾರ! ಸುಮ್ಮನೆ ಕುಡೀತಾ ಇದ್ರಾ? ನಾಳೆ ನಾನು ತಪ್ಪು ಔಷಧ ಕೊಟ್ಟರೂ ಚೆನ್ನಾಗಿದೆ ಅಂತ ಕುಡೀತೀರಾ?"

"ನೀನು ಕೊಟ್ಟರೆ ಕುಡಿತೀನಿ" ಎಂದರು ಮಾವ. ತಮಾಷೆಗೆ ಹೇಳಿದ್ದಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಅತ್ತೆಯ ಕೋಪ ಜರ್ರನೆ ಇಳಿಯಿತು. ಅಡುಗೆಮನೆಗೆ ಬಂದು ನನ್ನ ಲೋಟವನ್ನು ಸಿಂಕಿನಲ್ಲಿ ತೊಳೆದಿಟ್ಟಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ತೂಗೋಣ. ಮೂಗಿಲ್ಲದೋರು ಮತ್ತೇನು ಮಾಡ್ತಾರೆ, ತೂಗ್ತಾರೆ" ಎಂದಳು.

ಮನೆಯಲ್ಲಿ ಹಿಟ್ಟು ತೂಗುವ ಡಿಜಿಟಲ್ ತಕ್ಕಡಿಯೊಂದಿತ್ತು. ಅದು ಅರ್ಧ ಗಂಟೆಯಲ್ಲೇ ಕೈಕೊಟ್ಟಿತು. ಅದಕ್ಕೆ ಗ್ರಾಂಗಿಂತ ಚಿಕ್ಕದು ಕಾಣಿಸುತ್ತಿರಲಿಲ್ಲ. ಕಾಫಿ ಲೋಟಕ್ಕೆ ಇಳಿದು ಮುಗಿದ ಮೇಲೆ ನಿಧಾನಕ್ಕೆ ಅಂಕಿ ಏರುತ್ತಿತ್ತು. ಸಾಲದ್ದಕ್ಕೆ ಯಂತ್ರದಲ್ಲಿ ಲೋಟ ಇಡುವ ತಟ್ಟೆಗಿಂತ ಅಗಲ. ಹೊಸ ತಕ್ಕಡಿಯಲ್ಲಿ ತನಗೆ ಬೇಕಾದದ್ದನ್ನು ಅತ್ತೆ ಒಂದೊಂದೇ ಹೇಳಿದಳು. ನಾನು ಫೋನಿನಲ್ಲಿ ಬರೆದುಕೊಂಡೆ. ಮಾವ ಯಂತ್ರದ ತಟ್ಟೆಯ ಅಳತೆ ತೆಗೆದು, ಕೋಟಿನ ಅಚ್ಚಿಗೆ ಇಟ್ಟಿದ್ದ ಕಂದು ಕಾಗದದಲ್ಲಿ ಅದೇ ಆಕಾರ ಕತ್ತರಿಸಿಕೊಟ್ಟರು. "ಇದರ ಮೇಲಿಟ್ಟು ನೋಡು. ಅಂಚು ಆಚೆ ಬಂದರೆ ಬೇಡ" ಎಂದು ಒಂದೇ ಮಾತು ಹೇಳಿ ಮತ್ತೆ ಕೋಟಿನ ತೋಳು ಹಿಡಿದು ಕೂತರು.

ಶನಿವಾರ ನಾನೂ ಅತ್ತೆಯೂ ಅಂಗಡಿಗೆ ಹೋದೆವು. ಕಾಫಿಯ ಸಾಮಾನೇ ಮಾರುವ ದೊಡ್ಡ ಅಂಗಡಿ. ಗಾಜಿನ ಬಾಗಿಲು, ಒಳಗೆಲ್ಲ ತಾಮ್ರದ ಬಣ್ಣದ ದೀಪ. ಮಾರುವವನು ಗಡ್ಡ ಟ್ರಿಮ್ ಮಾಡಿಕೊಂಡ, ಕೈತುಂಬ ಹಚ್ಚೆಯ, ಮೂವತ್ತೈದರ ಆಸುಪಾಸಿನವನು. ಅತ್ತೆಯ ಹತ್ತಿಯ ಸೀರೆಯನ್ನೂ ಕೈಚೀಲವನ್ನೂ ನೋಡಿ, ಉಡುಗೊರೆಗೆ ಬಂದಿದ್ದಾರೆಂದುಕೊಂಡ.

"ಮಗನಿಗಾ ಅಮ್ಮಾ?"

"ಗಂಡನಿಗೆ. ಅಂಗಡೀಲಿರೋ ಒಳ್ಳೇ ತಕ್ಕಡಿ ಎಲ್ಲ ತೆಗಿ. ಒಂದು ಲೋಟ, ಸ್ವಲ್ಪ ಬಿಸಿನೀರು ಬೇಕು."

ಅವನು ಎರಡು ತಂದಿಟ್ಟ. ಮೊದಲನೆಯದು ಮದುಮಗಳ ಹಾಗಿತ್ತು: ಬಿಳಿ ಗಾಜು, ಅಂಚಿಗೆಲ್ಲ ಬೆಳಕು, ಫೋನಿಗೆ ಜೋಡಿಸಿದರೆ ಪರದೆಯ ಮೇಲೆ ಕಾಫಿ ಇಳಿಯುವ ವೇಗದ ಗೆರೆ ಬರೆಯುತ್ತದೆ. ಅದರ ಗುಣಗಾನ ಐದು ನಿಮಿಷ ನಡೆಯಿತು. ಅತ್ತೆ ತಾಳ್ಮೆಯಿಂದ ಕೇಳಿ, ಕೈಚೀಲದಿಂದ ಒಂದು ಪುಟ್ಟ ಮರದ ಪೆಟ್ಟಿಗೆ ತೆಗೆದಳು. ಒಳಗೆ ಮಖಮಲ್ಲಿನ ಗೂಡುಗಳಲ್ಲಿ ಹಿತ್ತಾಳೆಯ ತೂಕದ ಕಲ್ಲುಗಳು. ಆಸ್ಪತ್ರೆಯವರು ಹಳೇ ತಕ್ಕಡಿ ತೆಗೆದುಹಾಕಿದಾಗ ಅವಳಿಗೆ ಕೊಟ್ಟಿದ್ದು. ಚಿಮಟದಿಂದ ಒಂದನ್ನೆತ್ತಿ ನಡುವೆ ಇಟ್ಟಳು, ಆಮೇಲೆ ನಾಲ್ಕು ಮೂಲೆಗೂ ಇಟ್ಟಳು. ಎಲ್ಲಿಟ್ಟರೂ ಅಂಕಿ ಬದಲಾಗಲಿಲ್ಲ. ಅಂಗಡಿಯವನ ಮುಖ ಅರಳಿತು.

"ಆಯ್ತಲ್ಲ ಅಮ್ಮಾ, ಪ್ಯಾಕ್ ಮಾಡ್ಲಾ?"

"ತಡಿಯಪ್ಪಾ, ನೀನೊಬ್ಬ."

ಲೋಟ ಇಟ್ಟು ಅಂಕಿಯನ್ನು ಸೊನ್ನೆಗೆ ತಂದಳು. ಔಷಧ ಹನಿಸುವ ಗಾಜಿನ ಕೊಳವೆಯಲ್ಲಿ ನೀರು ತುಂಬಿಕೊಂಡು ಒಂದೊಂದೇ ಹನಿ ಬಿಡತೊಡಗಿದಳು. ಒಂದು ಹನಿ, ಎರಡು ಎಣಿಸುವಷ್ಟು ಬಿಡುವು, ಇನ್ನೊಂದು ಹನಿ. ಹತ್ತು ಹನಿ ಬಿದ್ದವು. ಬೆಳಕಿನ ತಕ್ಕಡಿ ಇನ್ನೂ ಸೊನ್ನೆ ಎಂದೇ ಹೇಳುತ್ತಿತ್ತು.

ಅಂಗಡಿಯವನು ಬಗ್ಗಿ ನೋಡಿದ. "ಕೆಟ್ಟಿರಬೇಕು."

"ಕೆಟ್ಟಿಲ್ಲ. ಸೊನ್ನೆ ಅಲುಗಾಡಬಾರದು ಅಂತ, ಮೆಲ್ಲಗೆ ಬಂದ ತೂಕಾನ ಲೆಕ್ಕಕ್ಕೇ ತಗೊಳ್ಳಲ್ಲ ಇದು. ಹಾಗೆ ಮಾಡಿಟ್ಟಿದ್ದಾರೆ. ಇಪ್ಪತ್ತು ಹನಿ ಅಂದರೆ ಹತ್ತಿರ ಹತ್ತಿರ ಒಂದು ಗ್ರಾಂ. ಅರ್ಧ ಗ್ರಾಂ ನುಂಗಿ ನೀರು ಕುಡೀತು ನೋಡು. ಎಸ್ಪ್ರೆಸೊ ಶುರುವಿನಲ್ಲಿ ಇಳಿಯೋದು ಹನಿ ಹನಿಯಾಗೇ ತಾನೇ?"

ಎರಡನೆಯದು ಹನಿ ನುಂಗಲಿಲ್ಲ. ಆದರೆ ಬಿಸಿನೀರಿನ ಲೋಟ ಇಟ್ಟು ಒಂದು ನಿಮಿಷ ಬಿಟ್ಟರೆ ಕಾವಿಗೆ ತಾನಾಗಿಯೇ ಅಂಕಿ ಏರುತ್ತಾ ಹೋಯಿತು. ಕಾಗದದ ಅಚ್ಚಿನ ಮೇಲಿಟ್ಟರೆ ಒಂದು ಬೆರಳಷ್ಟು ಆಚೆಗೂ ಬಂತು. ಅಷ್ಟು ಹೊತ್ತಿಗೆ ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಮ್ಮ ಸುತ್ತ ನಿಂತಿದ್ದರು. ಅಂಗಡಿಯವನು ತಲೆ ಕೆರೆದುಕೊಂಡು ಒಳಗೆ ಹೋಗಿ ಧೂಳು ಹಿಡಿದ ಡಬ್ಬಿಯೊಂದನ್ನು ತಂದ.

"ಇದೊಂದಿದೆ. ಯಾರೂ ಕೇಳಲ್ಲ. ನೋಡೋಕೆ ಏನೂ ಇಲ್ಲ, ಬೆಲೆ ಮಾತ್ರ ಇದೆ."

ಬೂದು ಬಣ್ಣದ, ಅಂಗೈಯಗಲದ ಚೌಕ. ಅಂಕಿ, ಸಮಯ, ಎರಡು ಗುಂಡಿ. ಅಚ್ಚಿನೊಳಗೆ ಕೂತಿತು. ಮೂಲೆ ಸರಿ. ಬಿಸಿ ಸರಿ. ಎರಡನೇ ಹನಿ ಬೀಳುವಷ್ಟರಲ್ಲಿ ಅಂಕಿ ಎದ್ದಿತು, ಇಪ್ಪತ್ತಕ್ಕೆ ಒಂದು ಗ್ರಾಂ ತೋರಿಸಿತು. ಅತ್ತೆ ಅದರ ಮೇಲೆ ನೀರು ಚೆಲ್ಲಿ ಒರೆಸಿದಳು. ಅಂಗಡಿಯವನು ಉಸಿರು ಬಿಗಿಹಿಡಿದ. ಏನೂ ಆಗಲಿಲ್ಲ.

ಬೆಲೆಯ ಚೀಟಿ ನೋಡಿ ಗಾಬರಿಯಾದವಳು ನಾನು. ಹರಿದ ಕಾಲುಚೀಲಕ್ಕೆ ಮೂರು ಸಲ ಹೊಲಿಗೆ ಹಾಕುವ ಹೆಂಗಸು ನನ್ನತ್ತೆ. "ಅತ್ತೆ, ತಕ್ಕಡಿಗೆ ಇಷ್ಟಾ?" ಎಂದು ಪಿಸುಗುಟ್ಟಿದೆ.

"ನನ್ನ ಮೂಗಿನ ಬದಲಿಗೆ ಬರ್ತಿರೋದು ಕಣೇ ಇದು. ಅಗ್ಗದ ಮೂಗು ತಗೊಂಡು ಏನು ಮಾಡ್ಲಿ?"

ತಕ್ಕಡಿ ಮನೆಗೆ ಬಂತು. ನಿಜವಾದ ಕಷ್ಟ ಆಮೇಲೆ ಶುರುವಾಯಿತು. ಎಷ್ಟು ಪುಡಿಗೆ ಎಷ್ಟು ಕಾಫಿ, ಎಷ್ಟು ಸೆಕೆಂಡು ಎಂದು ಗೊತ್ತುಮಾಡಲು ಒಂದು ನಾಲಿಗೆ ಬೇಕು. ಮನೆಯಲ್ಲಿದ್ದ ನಾಲಿಗೆ ಮಾವನದು. ಅದಕ್ಕೆ ಬರುತ್ತಿದ್ದದ್ದು "ಚೆನ್ನಾಗಿದೆ" ಎಂಬ ಒಂದೇ ಪದ. ಮೊದಲ ದಿನ ಆರು ಲೋಟಕ್ಕೂ ಅದನ್ನೇ ಹೇಳಿದರು. ಅತ್ತೆ ಲೋಟ ಕಿತ್ತುಕೊಂಡಳು.

"ರೀ, ನನ್ನ ಮನಸ್ಸಿಗೆ ನೋವಾಗತ್ತೆ ಅಂತ ಹೇಳಬೇಡಿ. ಯಾರೋ ಹೊಲಿದ ಕೋಟು ಇದು, ಗಿರಾಕಿ ಹಾಕ್ಕೊಂಡು ನಿಂತಿದ್ದಾನೆ ಅಂದ್ಕೊಳ್ಳಿ. ಎಲ್ಲಿ ಸರಿಯಿಲ್ಲ?"

ಮಾವ ಕಣ್ಣು ಮುಚ್ಚಿ ಇನ್ನೊಂದು ಗುಟುಕು ಕುಡಿದರು. ನಿಧಾನವಾಗಿ, "ಹೆಗಲಲ್ಲಿ ಬಿಗಿ. ಕೊನೇಲಿ ಎಳೀತಾ ಇದೆ" ಎಂದರು.

ಅತ್ತೆಯ ಕಣ್ಣು ಮಿಂಚಿತು. ಕೊನೆಯಲ್ಲಿ ಎಳೆಯುವುದೆಂದರೆ ಕಹಿ. ನಾಲ್ಕು ಸೆಕೆಂಡು ಮುಂಚೆ ನಿಲ್ಲಿಸಿದಳು. "ಈಗ ದೊಗಲೆ, ಒಳಗೆ ಮೈಯೇ ಇಲ್ಲ" ಎಂದರು ಮಾವ. ಪುಡಿ ಅರ್ಧ ಗ್ರಾಂ ಏರಿತು. ಹೀಗೆ ಹನ್ನೊಂದು ದಿನ. ನಲವತ್ತು ವರ್ಷದ ಸಂಸಾರದಲ್ಲಿ ಆಡದಷ್ಟು ಮಾತನ್ನು ಮಾವ ಆ ಹನ್ನೊಂದು ದಿನಗಳಲ್ಲಿ ಆಡಿದರೆಂದು ಅತ್ತೆ ಇವತ್ತಿಗೂ ಹೇಳುತ್ತಾಳೆ. ಹನ್ನೆರಡನೇ ಬೆಳಗ್ಗೆ ಹದಿನೆಂಟು ಗ್ರಾಂ ಪುಡಿ, ಮೂವತ್ತೇಳು ಗ್ರಾಂ ಕಾಫಿ, ಇಪ್ಪತ್ತೊಂಬತ್ತು ಸೆಕೆಂಡು. ಮಾವ ಕುಡಿದರು. ಖಾಲಿ ಲೋಟವನ್ನು ಮುಂದೆ ಚಾಚಿ, "ಇನ್ನೊಂದು" ಎಂದರು. ಅತ್ತೆ ಆ ಮೂರು ಅಂಕಿಗಳನ್ನು ಯಂತ್ರದ ಮೇಲಿನ ಗೋಡೆಗೆ ಸೀಸದಕಡ್ಡಿಯಲ್ಲಿ ಬರೆದಳು. ಬೀಜದ ಚೀಲ ಬದಲಾದಾಗಲೆಲ್ಲ ಅವನ್ನು ಅಳಿಸಿ ಹೊಸದು ಬರೆಯುತ್ತಾಳೆ. ಅದಕ್ಕೆ ಮತ್ತೆ ಎರಡು ಮೂರು ದಿನ ಮಾವನ ನಾಲಿಗೆ ಬೇಕು.

ಮೂಗು ಇನ್ನೂ ಬಂದಿಲ್ಲ. ಅಂಗಡಿಯವನು ಮಾತ್ರ ಎರಡು ಸಲ ಫೋನು ಮಾಡಿದ್ದ. ಹೊಸ ಸರಕು ತರಿಸುವ ಮುಂಚೆ ಅಮ್ಮ ಒಮ್ಮೆ ಬಂದು ಹನಿ ಹಾಕಿ ನೋಡಬೇಕಂತೆ. ಅತ್ತೆ ಪೆಟ್ಟಿಗೆ ಹಿಡಿದು ಹೋಗಿ, ನಮೂನೆಗೆ ಬಂದಿದ್ದ ಐದು ತಕ್ಕಡಿಗಳಲ್ಲಿ ಮೂರನ್ನು ವಾಪಸು ಕಳಿಸಿ ಬಂದಳು.

ಮೊನ್ನೆ ನನ್ನ ಕೆಲಸ ಹೋಯಿತು. ಬೇರೆಲ್ಲೂ ಹೋಗಲು ಮನಸ್ಸಾಗದೆ ನಡುಮಧ್ಯಾಹ್ನ ಅತ್ತೆಯ ಮನೆಗೆ ಹೋಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ಅವಳು ಪುಡಿ ತೂಗಿದಳು. ನನ್ನ ಕಡೆ ಒಂದು ಸಲ ನೋಡಿದ್ದರಿಂದಲೋ ಏನೋ ಯಂತ್ರ ನಿಲ್ಲಿಸಲು ಕೈ ತಡವಾಯಿತು; ಗೋಡೆಯ ಮೇಲಿದ್ದ ಮೂವತ್ತೇಳನ್ನು ದಾಟಿ ಅಂಕಿ ಮೂವತ್ತೊಂಬತ್ತಕ್ಕೆ ಹೋಗಿ ನಿಂತಿತು.

"ಕೊಡು ಅತ್ತೆ, ಕುಡಿತೀನಿ. ನನಗಿವತ್ತು ಯಾವ ರುಚೀನೂ ತಿಳಿಯಲ್ಲ" ಎಂದೆ.

"ನನಗೆ ಯಾವತ್ತೂ ತಿಳಿಯಲ್ಲ" ಎಂದಳು ಅತ್ತೆ. ಆ ಲೋಟವನ್ನು ಸಿಂಕಿಗೆ ಸುರಿದು, ಬಟ್ಟಲನ್ನು ಬಡಿದು ಖಾಲಿ ಮಾಡಿ, ಹೊಸ ಬೀಜ ಬೀಸಲು ಹಾಕಿದಳು.