ಸೆರಗಿನೊಳಗಿನ ಕೈಗಳು

೨೦೨೩ರ ಅಕ್ಟೋಬರ್ ೨೩, ಸೋಮವಾರ, ಮಹಾನವಮಿ. ತಿಥಿಯನ್ನು ಪಂಚಾಂಗದೊಂದಿಗೂ ಅಂದಿನ ಘಟನೆಗಳ ಅನುಕ್ರಮವನ್ನು ಕೊಟ್ಟ ಆಜ್ಞೆಗಳನ್ನೆಲ್ಲ ದಾಖಲಿಸಿಡುವ ನಮ್ಮ ಸರ್ವರಿನ ಲಾಗ್‌ನೊಂದಿಗೂ ತಾಳೆ ನೋಡಿದ್ದೇನೆ. ಗಿರಿಜಕ್ಕನವರ ಕೈಗಳ ವಿಷಯವನ್ನು ಮಾತ್ರ ನೆನಪಿನಿಂದಲೇ ಬರೆಯುತ್ತಿದ್ದೇನೆ.

ಕೆಟ್ಟ ಯಂತ್ರದ ಮುಂದೆ ಕುಳಿತರೆ ಅವರು ಮೊದಲು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದರು. "ಮೊದಲ ಕಣ್ಣು ದುಡೀಲಿ ಸರ. ಕೈಗೇನು ಅವಸರ?" ಎನ್ನುತ್ತಿದ್ದರು. ಬೆಟಗೇರಿಯಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ ಅವರೇ ನಮ್ಮ ಶಾಸನಸಂಗ್ರಹದ ಜಾಲತಾಣವನ್ನೂ ನೋಡಿಕೊಳ್ಳುತ್ತಿದ್ದರು. ಒಮ್ಮೆ ಮುಳಗುಂದದಲ್ಲಿ, ಶಾಸನವೊಂದನ್ನು ಓದಿ ಬರೆದುಕೊಳ್ಳುತ್ತಿದ್ದಾಗ, ಲ್ಯಾಪ್‌ಟಾಪ್ ನನ್ನ ಮಾತು ಕೇಳದಾಯಿತು. ನಾನು ಸಿಕ್ಕ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದೆ. ಅವರು ಕೈ ಮುಚ್ಚಿಕೊಂಡು ಒಂದಿಷ್ಟು ಹೊತ್ತು ನೋಡಿ, "ಆ ಮೂಲಿ ಗುಂಡಿ ಮ್ಯಾಲ ನಿಮ್ಮ ಚಾಳೀಸಿನ ಡಬ್ಬಿ ಕುಂತೈತ್ರಿ" ಎಂದರು. ಕನ್ನಡಕದ ಡಬ್ಬಿ ಎತ್ತಿದೊಡನೆ ಅದು ಸರಿಹೋಯಿತು.

ಆ ನವಮಿಯ ಮುಂಜಾನೆ ಮಾತ್ರ ನಗುವ ಸ್ಥಿತಿ ಇರಲಿಲ್ಲ. ನಮ್ಮ ಕಾರ್ಯದರ್ಶಿ, ಲಕ್ಷ್ಮೇಶ್ವರದ ವೀರಣ್ಣನವರು, ಹಿಂದಿನ ದಿನ, ದಸರೆಗೆ ಮನೆ ತೊಳೆಯುವ ಪದ್ಧತಿಯನ್ನು ದೂರದ ಊರಿನಲ್ಲಿದ್ದ ನಮ್ಮ ಸರ್ವರ್‌ಗೂ ವಿಸ್ತರಿಸಿದ್ದರು. ನಮ್ಮದಲ್ಲವೆಂದು ತೋರಿದ ಒಂದು ಡೇಟಾಬೇಸನ್ನು ಅಳಿಸಿಬಿಟ್ಟಿದ್ದರು. ಅದು ಸಿಸ್ಟಮ್ ಡೇಟಾಬೇಸ್. ಯಾರು ಯಾವ ಗುಪ್ತಪದದಿಂದ ಒಳಗೆ ಬರಬಹುದೆಂಬುದನ್ನು ಕಾದಿಟ್ಟಿದ್ದುದು ಅದೇ. ಶಾಸನಪಾಠಗಳು ಬೇರೆಡೆ ಸುರಕ್ಷಿತವಾಗಿದ್ದವು, ಆದರೆ ಅವುಗಳನ್ನು ತಲುಪುವ ದಾರಿ ಅಳಿದಿತ್ತು. ಶಿರಹಟ್ಟಿಯ ಕಡೆಯ ಹೊಸ ಪಾಠಗಳಿಗೆ ಬೇರೆ ಪ್ರತಿ ಇರಲಿಲ್ಲ. ಮೂಲ ಕಲ್ಲುಗಳು ಅಷ್ಟರಲ್ಲಿ ಒಂದು ಕಟ್ಟಡದ ಪಾಯಕ್ಕೆ ಸೇರಿಹೋಗಿದ್ದವು. ಮತ್ತೆ ಓದಲು ಏನೂ ಉಳಿದಿರಲಿಲ್ಲ.

ಖಂಡೇಪೂಜೆಗಾಗಿ ನಮ್ಮ ಕಚೇರಿಯ ಗಣಕಯಂತ್ರಗಳಿಗೆ ಚೆಂಡುಹೂ ಏರಿಸಿ, ಸರ್ವರನ್ನೂ ಬಂದ್ ಮಾಡಿ ವಿಶ್ರಾಂತಿ ಕೊಡಲು ವೀರಣ್ಣನವರು ಸಿದ್ಧರಾಗಿದ್ದರು. ಗಿರಿಜಕ್ಕ ಬಾಗಿಲಲ್ಲೇ ತಡೆದರು.

"ದೀಪಾ ಹಚ್ರಿ, ಕುಂಕುಮಾ ಏರಸ್ರಿ. ಬಂದ್ ಮಾತ್ರ ಮಾಡಬ್ಯಾಡ್ರಿ. ನೀವು ಅಳಿಸಿದ್ದು ಅದರ ನೆನಪಿನಾಗ ಇನ್ನೂ ಐತಿ. ಒಮ್ಮೆ ಬಂದ್ ಆತು ಅಂದ್ರ ನಮ್ಮನ್ನ ಗುರುತು ಹಿಡಿಯೂದಿಲ್ಲ."

"ಖಂಡೇಪೂಜಿ ದಿನಾ ಆಯುಧ ದುಡಿಸಬಾರದ್ರಿ ಅಕ್ಕಾರ."

"ಖರೆ ಐತ್ರಿ. ಅದಕ್ಕ ನೀವು ಕೈ ಹಚ್ಚಬ್ಯಾಡ್ರಿ. ನಿನ್ನೆ ಹಚ್ಚಿದ್ದ ಸಾಕಾಗೇತಿ."

ವೀರಣ್ಣನವರು ಕರ್ಪೂರದ ತಟ್ಟೆ ಹಿಡಿದು ಹಿಂದೆ ಸರಿದರು. ಗಿರಿಜಕ್ಕ ಕುಳಿತರು. ಕೈಗಳು ಸೆರಗಿನೊಳಗೆ ಹೋದವು, ಬಹಳ ಹೊತ್ತು ಅಲ್ಲೇ ಇದ್ದವು. ನನಗೆ ತಾಳ್ಮೆ ಇರಲಿಲ್ಲ.

"ಏನಾರ ಮಾಡ್ರಿ ಅಕ್ಕಾರ," ಎಂದೆ.

"ಏನಾರ ಮಾಡೂದ ಬ್ಯಾಡ ಸರ. ಮಾಡಬೇಕಾದ್ದು ಮಾಡೂಣು."

ಸರ್ವರ್ ಎಚ್ಚರವಿರುವಾಗಲೇ ಅವರು ಎಲ್ಲ ಪಾಠಗಳ ಪ್ರತಿ ತೆಗೆಯಲು ಆಜ್ಞೆ ಕೊಟ್ಟರು. ಸರ್ವರ್ ಯಾವ ಕ್ಷಣದಲ್ಲಾದರೂ ತಾನಾಗಿಯೇ ನಿಲ್ಲಬಹುದಿತ್ತು. ಊದಿನಕಡ್ಡಿ ಬೂದಿಯಾಗುತ್ತ ಬಂತು. ಪ್ರತಿ ಇಳಿದ ಮೇಲೂ ಅವರು ಅದನ್ನು ತೆರೆದು, ಶಿರಹಟ್ಟಿಯ ಸಾಲುಗಳನ್ನು ನನ್ನಿಂದಲೇ ಓದಿಸಿದರು. ಅನಂತರ ತಮ್ಮ ಯಂತ್ರದಲ್ಲಿ ಅದೇ ಆವೃತ್ತಿಯ ಹೊಸ ಸಿಸ್ಟಮ್ ಡೇಟಾಬೇಸನ್ನು ಸಿದ್ಧಪಡಿಸಿ, ದೂರದ ಸರ್ವರ್‌ಗೆ ಸಾಗಿಸಿ, ನಮ್ಮ ಹೆಸರುಗಳನ್ನೂ ಗುಪ್ತಪದಗಳನ್ನೂ ಅದರಲ್ಲಿ ಹೊಸದಾಗಿ ಸೇರಿಸಿದರು.

"ವೀರಣ್ಣಾರ, ಈಗ ಬಂದ್ ಮಾಡಾಕ ಬರ್ತೈತಿ. ನೀವ ಮಾಡ್ರಿ."

"ನಾ ಒಲ್ಲೆ ತಾಯಿ," ಎಂದರು ವೀರಣ್ಣನವರು. ಕೊನೆಗೆ ಗಿರಿಜಕ್ಕನವರೇ ನಿಲ್ಲಿಸಿ, ಮತ್ತೆ ಚಾಲೂ ಮಾಡಿದರು. ಪರದೆ ಖಾಲಿಯಾಗಿಯೇ ಇತ್ತು. ಆಮೇಲೆ ಮುಂಡರಗಿಯ ಒಂದು ವೀರಗಲ್ಲಿನ ಪಾಠ ಸಾಲುಸಾಲಾಗಿ ಮೂಡಿತು.

"ಆತು. ಈಗ ಆರತಿ ಮಾಡ್ರಿ," ಎಂದು ಗಿರಿಜಕ್ಕ ಕೈಗಳನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡರು. ಕೆಲಸ ಮುಗಿದ ಮೇಲೂ ಹಾಗೇಕೆಂದು ನಾನು ಕೇಳಲಿಲ್ಲ.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಸ್ಮರಣಸಭೆಯಲ್ಲಿ ನಾನು, ಅಂದು ಅವರ ಬೆರಳು ಒಮ್ಮೆಯೂ ತಡವರಿಸಲಿಲ್ಲ ಎಂದು ಹೇಳಿದೆ. ಈ ಬರೆಹದಲ್ಲೂ ಹಾಗೆಯೇ ಬರೆಯುವವನಿದ್ದೆ. ಆದರೆ ಲಾಗ್ ಬೇರೆಯದನ್ನೇ ಹೇಳುತ್ತದೆ. ಪ್ರತಿ ತೆಗೆಯುವ ಆಜ್ಞೆಯನ್ನು ಅವರು ಮತ್ತೆ ಮತ್ತೆ ತಪ್ಪಾಗಿ ಒತ್ತಿದ್ದಾರೆ. ಅಕ್ಷರಗಳು ಹಿಂದುಮುಂದಾಗಿವೆ, ಕೆಲವು ಎರಡೆರಡು ಸಲ ಬಿದ್ದಿವೆ. ಪಕ್ಕದಲ್ಲೇ ಕುಳಿತಿದ್ದ ನನಗೆ ಅದೊಂದೂ ಕಂಡಿರಲಿಲ್ಲ.